ಮಂಕಿಟಾಪಿನ ಮನೆ

1898ರ ಪ್ಲೇಗಿಗೆ ಹೆದರಿ ಬೆಂಗಳೂರು ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಂದ ತುಂಬಿದ ಬಡಾವಣೆ ನಮ್ಮ ಮಲ್ಲೇಶ್ವರ. ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಕಾಂಪೌಂಡಿನಲ್ಲಿ ಸಂಪಿಗೆ ಮರ, ಕಿಟಕಿಯ ಮೇಲೆ ಟೋಪಿಯಂತೆ ಚಾಚಿದ ಮರದ ಮಂಕಿಟಾಪು. ನಾನು ಬೆಳೆದದ್ದು ಇವುಗಳ ನಡುವೆಯೇ.

2010ರಲ್ಲಿ ಸಂಪಿಗೆ ರಸ್ತೆಯ ತುದಿಗೆ ಮಾಲ್ ಬಂತು, 2014ರಲ್ಲಿ ಮೆಟ್ರೊ. ಸೈಟಿನ ಬೆಲೆ ಏರಿತು. ಒಂದೊಂದೇ ಮನೆ ಅಪಾರ್ಟ್‌ಮೆಂಟಾಯಿತು. ಬಿಲ್ಡರುಗಳನ್ನು ಬೈಯುವ ಬಾಯಿ ನನಗಿಲ್ಲ. ತಂದೆಯವರ ಮನೆಯ ಕರಾರಿಗೆ ಅಣ್ಣಂದಿರ ಜೊತೆ ನಾನೂ ಸಹಿ ಹಾಕಿದವಳೇ.

ಕೆಡವುವ ಮುಂಚಿನ ಭಾನುವಾರ ಕ್ಯಾಮೆರಾ ಹಿಡಿದು ಹೋದೆ. ರೆಡ್ ಆಕ್ಸೈಡ್ ನೆಲ, ಬಾವಿಯ ರಾಟೆ, ಹಗ್ಗ ಸವೆಸಿದ ಕಲ್ಲು, ಅಮ್ಮ ರಂಗೋಲಿ ಇಡುತ್ತಿದ್ದ ಚಪ್ಪಡಿ, ಯಾವುದನ್ನೂ ಬಿಡಲಿಲ್ಲ. ಇತಿಹಾಸದ ಪಾಠಕ್ಕೆಂದು ಅವನ್ನು ತರಗತಿಯಲ್ಲಿ ತೋರಿಸಿದಾಗ ಹುಡುಗಿಯೊಬ್ಬಳು, “ಮಿಸ್, ಈ ಮನೇಲಿ ಯಾರೂ ಇರಲಿಲ್ವಾ?” ಎಂದಳು.

ಇದ್ದರು. ಹಿತ್ತಲಿನ ಔಟ್‌ಹೌಸಿನಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಹೂವಿನಾಕೆ. ಎಂಟನೇ ಕ್ರಾಸಿನಲ್ಲಿ ಅವಳ ಬುಟ್ಟಿ. ಅಡ್ವಾನ್ಸ್ ಹಣ ಕೈಗಿಟ್ಟು ಕಳಿಸಿದೆವು. ಆ ಭಾನುವಾರ ಅವಳು ಜಗುಲಿಯ ಮುಂದೆ ಕೂತು ಪಾತ್ರೆಗಳನ್ನು ಮೂಟೆ ಕಟ್ಟುತ್ತಿದ್ದಳು. ಮಂಕಿಟಾಪಿನ ಚಿತ್ರ ಚೆನ್ನಾಗಿ ಬರಲೆಂದು, “ಸ್ವಲ್ಪ ಆ ಕಡೆ ಸರಿಯಮ್ಮ” ಎಂದೆ. ಸರಿದಳು. ಈಗ ನೆಲಮಂಗಲದ ಕಡೆಯಿಂದ ಬಸ್ಸಿನಲ್ಲಿ ಬುಟ್ಟಿ ಹೊತ್ತು ಬರುತ್ತಾಳೆ.

ಒಂದು ಫೋಟೋದ ಅಂಚಿನಲ್ಲಿ ಅವಳ ಸೆರಗು ಬಿದ್ದಿದೆ.