ಮದ್ಯದಂಗಡಿಯ ಪರವಾನಗಿ ಮತ್ತು ಶ್ರಾವಕನ ಹೊಣೆ

ಬೀದಿಯೊಂದರಲ್ಲಿ ಮದ್ಯದಂಗಡಿಗೆ ಪರವಾನಗಿ ಕೊಡಬಹುದೇ, ಕೂಡದೇ ಎಂಬ ಪ್ರಶ್ನೆ ಎದ್ದಾಗ ನಮ್ಮಲ್ಲಿ ಅನೇಕರು, ‘ನಾವು ಕುಡಿಯುವವರಲ್ಲ, ನಮಗೇಕೆ ಆ ಗೊಡವೆ?’ ಎಂದು ಸುಮ್ಮನಾಗುವುದುಂಟು. ಅಂಗಡಿಯು ಬಸದಿಯ ಸಮೀಪಕ್ಕೆ ಬಂದಾಗ ಮಾತ್ರ ಎಚ್ಚೆತ್ತು ಮನವಿಪತ್ರಕ್ಕೆ ಸಹಿ ಹಾಕುತ್ತೇವೆ. ಈ ಎರಡು ನಿಲುವುಗಳೂ ಶ್ರಾವಕಧರ್ಮಕ್ಕೆ ಒಪ್ಪುವಂಥವೇ ಎಂಬುದನ್ನು ಮೈಸೂರಿನ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಮದ್ಯದ ಮಾರಾಟವನ್ನು ನಿಷೇಧಿಸಲು ಯತ್ನಿಸಿದನು. 1799ರ ಬಳಿಕ ಅಬಕಾರಿಯು ಪುನಃ ಬೊಕ್ಕಸದ ಆದಾಯಮೂಲವಾಯಿತು. 1901ರಲ್ಲಿ ಸಂಸ್ಥಾನಕ್ಕೆ ಪ್ರತ್ಯೇಕ ಅಬಕಾರಿ ಶಾಸನವಾಯಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಮೈಸೂರು ಪಾನನಿರೋಧ ಶಾಸನವನ್ನು ಮಾಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ವಿಧಿಯು ಪಾನನಿರೋಧಕ್ಕೆ ಯತ್ನಿಸುವುದು ರಾಜ್ಯದ ಕರ್ತವ್ಯವೆಂದು ಸಾರಿತು. ಆದರೆ 1960ರ ದಶಕದ ಕೊನೆಯಲ್ಲಿ ಪಾನನಿರೋಧವನ್ನು ತೆರವುಗೊಳಿಸಲಾಯಿತು. ಅಂದಿನಿಂದ 1965ರ ಅಬಕಾರಿ ಕಾಯಿದೆಯೂ ಅದರ ಕೆಳಗಿನ ನಿಯಮಗಳೂ ಆಡಳಿತಕ್ಕೆ ಆಧಾರವಾದವು.

1967ರ ಪರವಾನಗಿ ನಿಯಮಗಳು ಧಾರ್ಮಿಕ ಸಂಸ್ಥೆ, ವಿದ್ಯಾಸಂಸ್ಥೆ ಮತ್ತು ಆಸ್ಪತ್ರೆಗಳಿಂದ 100 ಮೀಟರುಗಳ ಒಳಗೆ ಮದ್ಯದಂಗಡಿ ಇರಕೂಡದೆಂದು ವಿಧಿಸಿದವು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹೆಚ್ಚಾಗಿ ವಾಸಿಸುವ ಬಡಾವಣೆಗಳಿಗೂ ಅದೇ ನಿಯಮ ರಕ್ಷಣೆ ನೀಡಿತು. 1994ರಲ್ಲಿ ಕರ್ನಾಟಕದಿಂದಲೇ ಹೋದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2016ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರುಗಳ ಒಳಗಿನ ಮದ್ಯದಂಗಡಿಗಳನ್ನು ನಿಷೇಧಿಸಿತು. ನಗರಸಭೆಗಳ ವ್ಯಾಪ್ತಿಗೆ ಅದು ಅನ್ವಯಿಸದೆಂದು 2017ರಲ್ಲಿ ಸ್ಪಷ್ಟಪಡಿಸಿತು. ಈ ನಡುವೆ ಅಂಗಡಿಗಳು ಹೆದ್ದಾರಿಯನ್ನು ಬಿಟ್ಟು ಮನೆಗಳ ಸಾಲಿನತ್ತ ಸರಿಯತೊಡಗಿದಾಗ ಬಡಾವಣೆಗಳ ನಿವಾಸಿಗಳು, ವಿಶೇಷವಾಗಿ ಮಹಿಳೆಯರು, ಬೀದಿಗಿಳಿದು ವಿರೋಧಿಸಿದರು. ಒಂದೆಡೆ ಮುಚ್ಚಿದ ಬಾಗಿಲು ಮತ್ತೊಂದೆಡೆ ತೆರೆಯುತ್ತದೆಂಬ ಸತ್ಯ ಆಗ ಎಲ್ಲರ ಕಣ್ಣಿಗೂ ಬಿದ್ದಿತು.

ಇನ್ನು ಧರ್ಮದ ವಿಚಾರ. ಆಚಾರ್ಯ ಸಮಂತಭದ್ರರು ಶ್ರಾವಕನ ಎಂಟು ಮೂಲಗುಣಗಳಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿದರು. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆತು ನಿಶ್ಶಂಕೆಯಿಂದ ಹಿಂಸೆಗೆ ಇಳಿಯುತ್ತಾನೆ ಎಂಬ ಕಾರಣವನ್ನು ಆಚಾರ್ಯ ಅಮೃತಚಂದ್ರರು ಕೊಟ್ಟಿದ್ದಾರೆ. ವರ್ಜಿಸಬೇಕಾದ ಹದಿನೈದು ಬಗೆಯ ಉದ್ಯೋಗಗಳಲ್ಲಿ ಮದ್ಯಾದಿಗಳನ್ನು ಮಾರುವ ‘ರಸವಾಣಿಜ್ಯ’ವೂ ಒಂದು. ಕುಡಿಯದೆ ಇರುವುದಷ್ಟೇ ಸಾಲದು, ಕುಡಿತದಿಂದ ಗಳಿಸಲೂ ಕೂಡದೆಂಬುದು ಇದರ ತಾತ್ಪರ್ಯ.

ಕೃತ, ಕಾರಿತ, ಅನುಮೋದಿತವೆಂಬ ಮೂರೂ ಬಗೆಯಿಂದ ಕರ್ಮಬಂಧವಾಗುತ್ತದೆ ಎಂಬುದು ನಮಗೆಲ್ಲ ತಿಳಿದ ಮಾತು. 1209ರಲ್ಲಿ ಜನ್ನಕವಿಯು ರಚಿಸಿದ ಯಶೋಧರ ಚರಿತೆಯು ಇದನ್ನೇ ಮನಮುಟ್ಟುವಂತೆ ಕಥೆಯಾಗಿಸಿದೆ. ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಪ್ರೇರೇಪಿಸಿದ ತಾಯಿ ಮತ್ತು ಕೈಯೆತ್ತಿದ ಮಗ ಇಬ್ಬರೂ ಭವಭವಗಳಲ್ಲಿ ತೊಳಲಿದರು. ಹಾಗಿರುವಲ್ಲಿ, ಮದ್ಯದಂಗಡಿಗೆ ಮಳಿಗೆಯನ್ನು ಬಾಡಿಗೆಗೆ ಕೊಟ್ಟು, ಆ ಹಣದಿಂದ ಅಭಿಷೇಕ ಮಾಡಿಸುವವನು ತಾನು ಬಾಟಲಿಯನ್ನು ಮುಟ್ಟಲಿಲ್ಲವೆಂದು ಸಮಾಧಾನಪಡಲು ಸಾಧ್ಯವೇ? ಹೆಚ್ಚಿನ ಬಾಡಿಗೆ ಬರುತ್ತದೆಂಬ ಕಾರಣಕ್ಕೆ ಒಂದು ಟ್ರಸ್ಟು ಇಂತಹ ಕರಾರಿಗೆ ಸಹಿ ಹಾಕಿದರೆ, ಅದರ ಆಕ್ಷೇಪಣಾಪತ್ರಕ್ಕೆ ಯಾವ ಬೆಲೆ ಉಳಿದೀತು?

ಆದರೆ ಅನೇಕಾಂತವನ್ನು ನಂಬಿದ ನಾವು ಎದುರು ಪಕ್ಷದ ಮಾತನ್ನೂ ಕೇಳಬೇಕು. ಪರವಾನಗಿಯ ಅಂಗಡಿ ಇಲ್ಲದಿದ್ದರೆ ಕಳ್ಳಭಟ್ಟಿ ಬರುತ್ತದೆ ಎಂಬ ವಾದ ಬರಿಯ ನೆಪವಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಭಾಗಗಳಲ್ಲಿ ವಿಷಮದ್ಯವು ನೂರಕ್ಕೂ ಮಿಕ್ಕಿ ಬಡ ಜೀವಗಳನ್ನು ಕೊಂಡೊಯ್ದಿತು. ಅಂಗಡಿಯನ್ನು ಮುಚ್ಚಿಸಿದ ಮಾತ್ರಕ್ಕೆ ವ್ಯಸನವು ಮುಚ್ಚಿಹೋಗುವುದಿಲ್ಲ.

ಹಾಗೆಂದು ಮೌನವಾಗಿರಬೇಕೆಂದಲ್ಲ. ಪರವಾನಗಿಯ ವಿಷಯ ಬಂದಾಗ ಜಿಲ್ಲಾಧಿಕಾರಿಗಳಿಗೆ, ಅಬಕಾರಿ ಇಲಾಖೆಗೆ ಆಕ್ಷೇಪಣೆ ಸಲ್ಲಿಸುವುದು ನಮ್ಮ ಕರ್ತವ್ಯವೇ ಸರಿ. ಆದರೆ ಅದರಲ್ಲಿ ಬಸದಿಯಿಂದ ಇರುವ ಅಂತರವೊಂದೇ ಇದ್ದರೆ, 101ನೆಯ ಮೀಟರಿನಲ್ಲಿ ನಮ್ಮ ಅಹಿಂಸೆ ಮುಗಿದುಹೋಯಿತೆಂದೇ ಅರ್ಥ. ಆ ಬೀದಿಯಲ್ಲಿ ದಿನಗೂಲಿಯನ್ನು ನಂಬಿದ ಸಂಸಾರಗಳಿವೆಯೇ, ಶಾಲೆಗೆ ಹೋಗುವ ಮಕ್ಕಳ ದಾರಿ ಯಾವುದು, ಸಂಜೆ ದುಡಿದು ಬರುವ ಹೆಣ್ಣುಮಕ್ಕಳು ಏನನ್ನುತ್ತಾರೆ ಎಂಬುದನ್ನು ವಿಚಾರಿಸಿ ಬರೆಯಬೇಕು. ಆ ಮನೆಗಳವರ ಸಹಿ ನಮ್ಮ ಸಹಿಗಿಂತ ಮೇಲಿರಬೇಕು.

1888ರಲ್ಲಿ ಇಂಗ್ಲೆಂಡಿಗೆ ಹೊರಟ ತರುಣ ಗಾಂಧಿಯವರಿಗೆ ಮದ್ಯ ಮುಟ್ಟದಿರುವ ಪ್ರತಿಜ್ಞೆಯನ್ನು ಮಾಡಿಸಿದವರು ಬೇಚರ್ಜಿ ಸ್ವಾಮಿಯೆಂಬ ಜೈನ ಮುನಿಗಳು. ಒಬ್ಬನು ತೊಟ್ಟ ವ್ರತವು ಮುಂದೆ ದೇಶದ ಪಾನನಿರೋಧ ಚಳವಳಿಗೆ ಬಲವಾಯಿತು. ನಮ್ಮ ಟ್ರಸ್ಟುಗಳು ಮೊದಲು ತಮ್ಮ ಕಟ್ಟಡಗಳ ಬಾಡಿಗೆ ಕರಾರುಗಳನ್ನು ತೆರೆದು ನೋಡಲಿ. ಅನಂತರ ಆಕ್ಷೇಪಣೆಯನ್ನು ಬರೆಯಲಿ. ಬರೆದ ಮೇಲೆ ಕುಡಿತ ಬಿಡಲು ಬಯಸುವ ನೆರೆಯವನ ಚಿಕಿತ್ಸೆಗೆ ಒಂದಿಷ್ಟು ಹಣವನ್ನೂ ತೆಗೆದಿಡಲಿ. ಆಗ ನಮ್ಮ ವಿರೋಧವು ದ್ವೇಷವೆನಿಸದೆ ಕರುಣೆಯೆನಿಸುವುದು.