ದಫ್ತರಿನಲ್ಲಿ ಬರೆದಿಟ್ಟ ಕಲ್ಲುಗಳು

ಹೋದ ವರ್ಷ ನಮ್ಮ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿನ ಪಬ್ಲಿಕ್ ಗಾರ್ಡನ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಅಜಂತಾ ಚಿತ್ರಗಳ ನಕಲುಗಳಿಗೇ ಒಂದು ವಿಭಾಗವಿದೆ. ಒಬ್ಬ ಹುಡುಗಿ ಅದರ ಮುಂದೆ ನಿಂತು ಕೇಳಿದಳು, "ಅಸ್ಲಿ ಹೈ ನಾ ಟೀಚರ್, ಫಿರ್ ನಕಲ್ ಕಾಯ್ಕೂ?" ಅಸಲಿ ಇದ್ದಾಗ ನಕಲು ಯಾಕೆ ಬೇಕು ಅಂತ. ಕಲಿಯೋದಕ್ಕೆ ಮಾಡಿರ್ತಾರೆ ಬೇಟಿ ಅಂದು ಮುಂದೆ ಹೋದೆ. ಮನೆಗೆ ಬಂದ ಮೇಲೆ ನಾನು ಕೊಟ್ಟದ್ದು ಅರ್ಧ ಉತ್ತರ ಅನ್ನಿಸಿತು. ಪೂರ್ತಿ ಉತ್ತರ ಹುಡುಕುತ್ತಾ ಹೋದರೆ ಗುಲಾಮ್ ಯಜ್ದಾನಿ ಅವರ ದಫ್ತರಿನ ಬಾಗಿಲಿಗೆ ಬಂದು ನಿಂತೆ.

ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಶುರುವಾದದ್ದು 1914ರಲ್ಲಿ. ಅದನ್ನು ನಡೆಸಲು ಬಂದವರು ದೆಹಲಿಯಲ್ಲಿ ಹುಟ್ಟಿದ, ಅರಬಿ ಫಾರಸಿ ಬಲ್ಲ ಯಜ್ದಾನಿ. ಆಗಿನ ಸಂಸ್ಥಾನ ಅಂದರೆ ಇವತ್ತಿನ ತೆಲಂಗಾಣ ಮಾತ್ರ ಅಲ್ಲ. ಅಜಂತಾ ಎಲ್ಲೋರಾ ಇರುವ ಔರಂಗಾಬಾದ್ ಕಡೆಯ ಮರಾಠವಾಡ, ಜೊತೆಗೆ ನಮ್ಮ ಬೀದರ್, ಗುಲಬರ್ಗಾ, ರಾಯಚೂರು, ಕೊಪ್ಪಳ ಎಲ್ಲವೂ ಸೇರಿತ್ತು. ಅಷ್ಟು ನೆಲದ ಮೇಲೆ ಎಲ್ಲೆಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ ಅಂತ ಹೋಗಿ ನೋಡಬೇಕು, ಅಳೆಯಬೇಕು, ಫೋಟೋ ತೆಗೆಯಬೇಕು, ವರದಿ ಬರೆಯಬೇಕು. ಸ್ಮಾರಕ ರಕ್ಷಣೆ ಅಂದರೆ ಮುಕ್ಕಾಲು ಪಾಲು ಇದೇ ಕೆಲಸ. ಗಾರೆ, ಸುಣ್ಣ, ಮೇಸ್ತ್ರಿ ಎಲ್ಲ ಆಮೇಲೆ.

ಇಲಾಖೆಗೆ ಇನ್ನೂ ಒಂದು ವರ್ಷ ಆಗಿರಲಿಲ್ಲ, ರಾಯಚೂರು ಸೀಮೆಯ ಮಸ್ಕಿಯಲ್ಲಿ ಒಂದು ಘಟನೆ ನಡೆಯಿತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತಾ ಗುಡ್ಡ ಹತ್ತಿದ್ದವನು ಬಂಡೆಯ ಮೇಲೆ ಅಕ್ಷರ ಕಂಡ. ಅದು ಅಶೋಕನ ಶಾಸನ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜನಿಗೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದುಗಳಷ್ಟೇ ಇದ್ದವು. ಈ ಪ್ರಿಯದರ್ಶಿಯೇ ಅಶೋಕ ಅಂತ ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಕೆತ್ತಿತ್ತು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೆಗೊಳದಲ್ಲೂ ಆ ಹೆಸರು ಸಿಕ್ಕಿತು. ಆದರೆ ಮೊದಲು ಮಾತಾಡಿದ್ದು ಮಸ್ಕಿ.

ಬೀಡನ್ ಸಾಹೇಬ ನೋಡಿದ, ಸರಿ. ನೋಡಿ ಸುಮ್ಮನೆ ಇಳಿದು ಹೋಗಿದ್ದರೆ? ಸುದ್ದಿ ತಲುಪಿಸಲು ಈಗ ಒಂದು ಇಲಾಖೆ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಶಾಸನ ಓದಿಕೊಟ್ಟರು, ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೇ ಪುಸ್ತಕವಾಗಿ ಅಚ್ಚಾಯಿತು. ನಿಜಾಮರ ಇಲಾಖೆ, ಅದರ ಮುಖ್ಯಸ್ಥ ಮುಸಲ್ಮಾನ, ಓದಿದವರು ಶಾಸ್ತ್ರಿಗಳು, ಕಂಡವನು ಇಂಗ್ಲಿಷಿನವ, ಕಲ್ಲು ಬೌದ್ಧ ರಾಜನದು, ಊರು ಕನ್ನಡದ್ದು. ಇದನ್ನು ಸೌಹಾರ್ದದ ಭಾಷಣಕ್ಕೆ ಬಳಸೋದು ಸುಲಭ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು, ಸಿಕ್ಕ ವರ್ಷದಲ್ಲೇ ಅದು ಕಾಗದದ ಮೇಲೆ ಬಂತಲ್ಲ, ಅದು. 1931ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಾಸನ ಸಿಕ್ಕಾಗಲೂ ಹೀಗೇ, ಮರುವರ್ಷ ಅದೇ ಮಾಲೆಯಲ್ಲಿ ಪುಸ್ತಕ ಬಂತು.

ಅಜಂತಾದಲ್ಲಿ ಕೆಲಸ ಬೇರೆ ಥರ. ಗೋಡೆಯ ಗಾರೆ ಉದುರುತ್ತಿತ್ತು. 1920ರಿಂದ 22ರವರೆಗೆ ಇಟಲಿಯಿಂದ ಚೆಕ್ಕೋನಿ, ಒರ್ಸಿನಿ ಎಂಬ ಇಬ್ಬರು ಪರಿಣತರನ್ನು ಕರೆಸಿದರು. ಸಡಿಲಾದ ಗಾರೆಯನ್ನು ಅವರು ಗಟ್ಟಿ ಮಾಡಿದರು, ಅದಕ್ಕೆ ಇವತ್ತಿಗೂ ಋಣಿಯಾಗಿರಬೇಕು. ಆದರೆ ಚಿತ್ರಗಳ ಮೇಲೆ ಅರಗಿನ ವಾರ್ನಿಷ್ ಕೂಡ ಹಚ್ಚಿದರು. ಕಾಲ ಕಳೆದಂತೆ ಅದು ಹಳದಿಗಟ್ಟಿ ಕಂದಾಯಿತು, ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಸಾಯನ ತಜ್ಞರು ಅದನ್ನು ತೆಗೆಯಲು ವರ್ಷಗಟ್ಟಲೆ ಕಷ್ಟಪಡಬೇಕಾಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಕೆಡಿಸಬಹುದು. ಆದರೆ ಕೆಟ್ಟಿದೆ ಅಂತ ಗೊತ್ತಾಗಬೇಕಾದರೆ ಮೊದಲು ಹೇಗಿತ್ತು ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ? 1930ರಿಂದ 1955ರವರೆಗೆ ಯಜ್ದಾನಿ ನಾಲ್ಕು ಭಾಗಗಳಲ್ಲಿ ತಂದ ಅಜಂತಾ ಗ್ರಂಥ, ಇಲಾಖೆಯ ಕಲಾವಿದ ಸೈಯದ್ ಅಹ್ಮದ್ ಮೊದಲಾದವರು ಗುಹೆಯೊಳಗೆ ಕೂತು ಬರೆದ ನಕಲುಗಳು ಆ ಸಾಕ್ಷಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಅಸಲಿ ದಿನದಿನವೂ ಸವೆಯುತ್ತೆ, ಎಷ್ಟು ಸವೆಯಿತು ಅಂತ ನಕಲು ಹೇಳುತ್ತೆ.

ಬೀದರ್ ಬಗ್ಗೆ ಯಜ್ದಾನಿ ಬರೆದ ದೊಡ್ಡ ಪುಸ್ತಕ ಬಂದದ್ದು 1947ರಲ್ಲಿ. ನಮ್ಮ ಮನೆಯವರೆಲ್ಲ ರಜೆಗೆ ಬೀದರಿಗೆ ಹೋದಾಗ ಅಷ್ಟೂರಿಗೆ ಹೋಗೇ ಹೋಗ್ತೀವಿ. ಸಿಡಿಲು ಬಡಿದು ಅರ್ಧ ಬಿದ್ದ ಹುಮಾಯೂನ್ ಷಾ ಗುಂಬಜ್ ಒಡೆದ ಮೊಟ್ಟೆಯ ಹಾಗೆ ನಿಂತಿದೆ. ಅಹ್ಮದ್ ಷಾ ವಲಿಯ ಗುಂಬಜಿನ ಒಳಗೆ ಬಣ್ಣದ ಚಿತ್ತಾರ, ಅಕ್ಷರ. ಅವನು ತೀರಿಕೊಂಡದ್ದು 1436ರಲ್ಲಿ. ಉರುಸ್ ಈಗಲೂ ನಡೆಯುತ್ತೆ, ಮಾಡಿಯಾಳದ ಜಂಗಮರು ಬಂದು ನಡೆಸಿಕೊಡ್ತಾರೆ. ನಮ್ಮವರು ಅವನನ್ನು ವಲಿ ಅಂತಾರೆ, ಲಿಂಗಾಯತರು ಅಲ್ಲಮಪ್ರಭು ಅಂತಾರೆ. ಇಂಥ ಜೀವಂತ ಜಾಗವನ್ನು ಕಾಯುವುದು ಖಾಲಿ ಕೋಟೆಯನ್ನು ಕಾಯುವುದಕ್ಕಿಂತ ಕಷ್ಟ. ದೀಪದ ಹೊಗೆ, ಜನರ ಉಸಿರಿನ ಪಸೆ, ಗೋಡೆ ಮುಟ್ಟುವ ಕೈ ಎಲ್ಲವೂ ಬಣ್ಣಕ್ಕೆ ವೈರಿ. ಹಾಗಂತ ಉರುಸ್ ನಿಲ್ಲಿಸಿಬಿಟ್ಟರೆ ಉಳಿಯುವುದು ಬರೀ ಕಟ್ಟಡ. ಇದರಲ್ಲಿ ನನಗೆ ಇಲಾಖೆಯವರ ಮೇಲೂ ಸಿಟ್ಟಿಲ್ಲ, ಭಕ್ತರ ಮೇಲೂ ಸಿಟ್ಟಿಲ್ಲ. ಇಬ್ಬರೂ ಒಂದೇ ಜಮಖಾನೆ ಮೇಲೆ ಕೂತು ಮಾತಾಡುವುದು ಕಡಿಮೆ ಅನ್ನುವುದೇ ದುಃಖ.

ಸಂಸ್ಥಾನ ಹೋದ ಮೇಲೆ 1951ರ ಕಾಯ್ದೆಯಿಂದ ಇಂಥ ಮುಖ್ಯ ಸ್ಮಾರಕಗಳು ರಾಷ್ಟ್ರೀಯ ಮಹತ್ವದವು ಎಂದು ಕೇಂದ್ರದ ಪಟ್ಟಿಗೆ ಸೇರಿದವು. 1958ರ ಕಾಯ್ದೆ ಬಂತು. 2010ರ ತಿದ್ದುಪಡಿಯ ನಂತರ ಸುತ್ತ 100 ಮೀಟರ್ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್ ಪರವಾನಗಿ ಬೇಕು. ನೀಲಿ ಬೋರ್ಡ್ ಎಲ್ಲರೂ ನೋಡಿರ್ತೀರಿ.

ಬೋರ್ಡ್ ಇದ್ದರೆ ಸಾಕಾ? 2013ರಲ್ಲಿ ಮಹಾಲೇಖಪಾಲರ ತಂಡ 1,655 ಸ್ಮಾರಕಗಳಿಗೆ ಖುದ್ದಾಗಿ ಹೋಗಿ ನೋಡಿದಾಗ 92 ಸ್ಮಾರಕಗಳು ಜಾಗದಲ್ಲಿ ಸಿಗಲೇ ಇಲ್ಲ. ಹುಡುಕಿದ ಮೇಲೆ 42 ಸಿಕ್ಕವು. ಉಳಿದ 50ರಲ್ಲಿ 14 ಬೆಳೆಯುವ ಊರುಗಳ ಪಾಲಾಗಿದ್ದವು, 12 ಅಣೆಕಟ್ಟಿನ ನೀರಲ್ಲಿ ಮುಳುಗಿದ್ದವು, 24 ಎಲ್ಲಿವೆ ಅಂತಲೇ ಗೊತ್ತಾಗಲಿಲ್ಲ. ಸಂಸತ್ತಿನ ಸಮಿತಿಯ ಮುಂದೆ ಇದೆಲ್ಲ ಬಂದಾಗ ಇನ್ನೊಂದು ಲೆಕ್ಕವೂ ಹೊರಬಿತ್ತು: ಕೇಂದ್ರದ 3,693 ಸ್ಮಾರಕಗಳಲ್ಲಿ ಕಾವಲುಗಾರರು ಇದ್ದದ್ದು 248ಕ್ಕೆ ಮಾತ್ರ. ಕಳೆದುಹೋದವುಗಳಲ್ಲಿ ಹರಿಯಾಣದ ಮುಜೇಸರ್ ಹಳ್ಳಿಯ ಕೋಸ್ ಮೀನಾರ್ ಒಂದು. 2024ರಲ್ಲಿ ಅದರ ಜೊತೆ ಒಟ್ಟು 18 ಹೆಸರುಗಳನ್ನು ಪಟ್ಟಿಯಿಂದ ತೆಗೆಯಲು ಹೊರಟರು. ಮೊಘಲರ ಕಾಲದ ದಾರಿಹೋಕರಿಗೆ ಎಷ್ಟು ದೂರ ಬಂದಿರಿ ಅಂತ ಹೇಳುತ್ತಿದ್ದ ಕಂಬ ಅದು. ಅದನ್ನು ಯಾರು ಯಾವಾಗ ಕೆಡವಿದರು ಅಂತ ಹೇಳುವವರಿಲ್ಲ, ಯಾಕಂದರೆ ನಡುವೆ ಹೋಗಿ ನೋಡಿ ಬರೆದವರಿಲ್ಲ.

ನಮ್ಮ ಸಭೆಗಳಲ್ಲಿ ಬಹಮನಿಗಳು, ಆದಿಲಶಾಹಿಗಳು ಅಂತ ಎದೆ ತಟ್ಟಿಕೊಳ್ಳುವ ಭಾಷಣ ತುಂಬಾ ಕೇಳಿದ್ದೇನೆ. ಯಜ್ದಾನಿ ಸಾಹೇಬರ ಹೆಸರು ಹೇಳಿದವರು ಕಡಿಮೆ, ಹೇಳಿದರೂ 1959ರಲ್ಲಿ ಪದ್ಮಭೂಷಣ ಬಂತು ಅಂತ ಮುಗಿಸ್ತಾರೆ. ಅವರ ವಾರ್ಷಿಕ ವರದಿಗಳನ್ನು ತೆಗೆದು ನೋಡಿದವರು ಎಷ್ಟು ಜನ?

ಈಗ ನಮ್ಮ ಕ್ಲಾಸಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಶಾಲೆಯ ಹತ್ತಿರದ ಹಳೇ ಕಬರಸ್ತಾನದಲ್ಲಿ ಫಾರಸಿ ಅಕ್ಷರದ ಏಳು ಕಲ್ಲುಗಳಿವೆ. ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲದವು. ಮಕ್ಕಳು ಟೇಪ್ ಹಿಡಿದು ಅಳೆದು, ನಕ್ಷೆ ಬರೆದು, ಫೋಟೋ ಅಂಟಿಸಿ, ಕೆಳಗೆ ತಾರೀಖು ಹಾಕಿದ್ದಾರೆ. ಮೂರನೇ ಕಲ್ಲಿನ ಬಲಗಡೆ ಮೂಲೆಯಲ್ಲಿ ಬಿರುಕಿದೆ, ನಾಲ್ಕು ಬೆರಳು ಉದ್ದ. ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿ ಅಳೆಯಬೇಕು. ನಕಲು ಯಾಕೆ ಅಂತ ಕೇಳಿದ ಹುಡುಗಿಯ ಕೈಯಲ್ಲೇ ನೋಟ್‌ಬುಕ್ ಇದೆ.