ಹನ್ನೆರಡು ಮಂದಿ ಮತ್ತು ಒಂದು ಗುಂಪು

2025ರ ಮಾರ್ಚ್. ಮಲ್ಪೆ ಬಂದರಿನ ಆ ವಿಡಿಯೋ ನೀವೂ ನೋಡಿದ್ದೀರಿ. ವಿಜಯನಗರ ಜಿಲ್ಲೆಯಿಂದ ದುಡಿಯೋಕೆ ಬಂದ ಒಬ್ಬ ದಲಿತ ಹೆಣ್ಣುಮಗಳು. ಮೀನು ಕದ್ದಳು ಅನ್ನೋ ಆರೋಪ. ಮರಕ್ಕೆ ಕಟ್ಟಿದರು, ಕೆನ್ನೆಗೆ ಹೊಡೆದರು. ಸುತ್ತ ಜನ ನಿಂತು ನೋಡಿದರು. ಪೊಲೀಸರು ಕೆಲವರನ್ನು ಬಂಧಿಸಿದರು. ಬಂಧನ ಖಂಡಿಸಿ ಪ್ರತಿಭಟನೆಯೂ ಆಯ್ತು. ಆ ಕೇಸು ಕೋರ್ಟಿಗೆ ಬಿಟ್ಟದ್ದು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಜನಸಾಮಾನ್ಯರು ತೀರ್ಪು ಕೊಡಬಹುದೇ?

ಇಂಗ್ಲೆಂಡಿನಲ್ಲಿ ಕೊಡ್ತಾರೆ. ಗಂಭೀರ ಕೇಸಿನಲ್ಲಿ ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ, ಅವನು ಅಪರಾಧಿಯೋ ಅಲ್ಲವೋ ಅಂತ ಹೇಳೋದು ನ್ಯಾಯಾಧೀಶರಲ್ಲ, ಹನ್ನೆರಡು ಮಂದಿಯ ಜ್ಯೂರಿ. ಶಿಕ್ಷೆ ಎಷ್ಟು ಅನ್ನೋದು ಮಾತ್ರ ನ್ಯಾಯಾಧೀಶರ ಕೆಲಸ. 18ರಿಂದ 75 ವರ್ಷದೊಳಗಿನವರ ಹೆಸರನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸ್ತಾರೆ. ಆರೋಪಿಯ ಪರಿಚಯದವರು ಕೂರುವಂತಿಲ್ಲ. ಕೂತವರು ಪ್ರಮಾಣ ಮಾಡಬೇಕು, ಎರಡೂ ಕಡೆಯ ವಾದ ಕೇಳಬೇಕು. ಕೇಸಿನ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಅದೇ ಅಪರಾಧ! ಎಲ್ಲರೂ ಒಪ್ಪಬೇಕು, ಎಷ್ಟು ಹೊತ್ತಾದರೂ ಒಮ್ಮತ ಬಾರದಿದ್ದರೆ, ನ್ಯಾಯಾಧೀಶರ ಅನುಮತಿಯ ಮೇಲೆ ಹತ್ತು ಮಂದಿಯಾದರೂ ಒಪ್ಪಬೇಕು.

ಈ ಅಧಿಕಾರ ಪುಕ್ಕಟೆ ಸಿಕ್ಕಿದ್ದಲ್ಲ. 1670ರಲ್ಲಿ ಲಂಡನ್ ಬೀದಿಯಲ್ಲಿ ಧರ್ಮಬೋಧನೆ ಮಾಡಿದ ವಿಲಿಯಂ ಪೆನ್, ವಿಲಿಯಂ ಮೀಡ್ ಇಬ್ಬರನ್ನೂ ಶಿಕ್ಷಿಸಲು ಜ್ಯೂರಿ ಒಪ್ಪಲಿಲ್ಲ. ಅನ್ನ ನೀರು ಕೊಡದೆ ಕೂಡಿಹಾಕಿದರು. ಆಗಲೂ ಬಗ್ಗಲಿಲ್ಲ. ದಂಡ ಹಾಕಿದರು. ದಂಡ ಕಟ್ಟದೆ ಜೈಲಿಗೆ ಹೋದ ಎಡ್ವರ್ಡ್ ಬುಶೆಲ್ ಅರ್ಜಿ ಹಾಕಿದ. ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಅನ್ನೋ ನಿಯಮ ಹುಟ್ಟಿದ್ದು ಹಾಗೆ.

ಬ್ರಿಟಿಷರು ಇದನ್ನು ನಮ್ಮಲ್ಲಿಗೂ ತಂದರು. 1959, ಬೊಂಬಾಯಿ. ಪತ್ನಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ ಆರೋಪ ನೌಕಾಪಡೆಯ ಕಮಾಂಡರ್ ನಾನಾವತಿ ಮೇಲೆ. ಒಂಬತ್ತು ಮಂದಿಯ ಜ್ಯೂರಿಯಲ್ಲಿ ಎಂಟು ಜನ 'ನಿರಪರಾಧಿ' ಎಂದರು. ಹೊರಗೆ 'ಬ್ಲಿಟ್ಜ್' ಪತ್ರಿಕೆ ನಾನಾವತಿ ಪರ ಪ್ರಚಾರವನ್ನೇ ನಡೆಸಿತ್ತು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ, 1961ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಭಾರತದಲ್ಲಿ ಜ್ಯೂರಿ ಸತ್ತದ್ದು ಆ ಕೇಸಿನಿಂದ ಅಂತಾರೆ. ಪೂರ್ತಿ ನಿಜವಲ್ಲ. 1958ರಲ್ಲೇ ಕಾನೂನು ಆಯೋಗ ಅದು ಬೇಡ ಎಂದಿತ್ತು. ಕೊನೆಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಕಾನೂನಿನಿಂದ ಹೋಯ್ತು. ನಮ್ಮೊಳಗಿಂದ ಹೋಯ್ತಾ? ಬಂದರಿನಲ್ಲಿ ಮಾಲಿನವರೇ ದೂರುದಾರರು, ಅವರ ಕಡೆಯವರೇ ಸಾಕ್ಷಿ, ಅವರೇ ಜಡ್ಜು. ಪ್ರಮಾಣವಿಲ್ಲ, ಆ ಹೆಣ್ಣುಮಗಳ ಮಾತು ಕೇಳುವವರಿಲ್ಲ. ಅಲ್ಲಿ ಇದ್ದದ್ದು ಜನ, ಜ್ಯೂರಿ ಅಲ್ಲ.

ಮಲ್ಪೆಯನ್ನು ಬೈದು ಕೈ ತೊಳೆದುಕೊಳ್ಳೋದು ಸುಲಭ. ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು, ಚಾರ್ಜ್‌ಶೀಟ್ ಬರುವ ಮೊದಲೇ ನಾವು ಮಾಡೋದೇನು? ಹಗ್ಗ ಇಲ್ಲ, ಮರ ಇಲ್ಲ, ಅಷ್ಟೇ. ಈ ಮಾತು ನನಗೂ ಸೇರಿ.